ನೆಲಗಪ್ಪೆಯ ಕಣ್ಣಿನ ಎತ್ತರದಿಂದ

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಬಳಿಯ ಕಾಡಿನಲ್ಲಿ ಅಣಬೆ ಏಳುವ ಕಾಲಕ್ಕೆ, ಓಟೊ ಮಾರ್ಸೆಯಸ್ ಫಾನ್ ಸ್ಕ್ರೀಕ್‌ನ ದಾರಿ ಹಿಡಿದು ನಾನೊಂದು ಕಾಡುನೆಲದ ತೈಲಚಿತ್ರ ಬರೆಯಲು ತೊಡಗಿದೆ. 1678ರಲ್ಲಿ ತೀರಿಕೊಂಡ ಈ ಡಚ್ ಚಿತ್ರಕಾರನನ್ನು ಇಟಲಿಯಲ್ಲಿದ್ದ ಸಂಗಾತಿಗಳು ‘ಮೂಸುವವ’ ಎಂದು ಕರೆಯುತ್ತಿದ್ದರು. ಚಿತ್ರಕ್ಕಾಗಿ ಹಾವು, ಹಲ್ಲಿಗಳನ್ನು ಸಾಕಿಕೊಂಡಿದ್ದ ಮನುಷ್ಯ ಅವನು.

ನನ್ನ ಮೊದಲ ತಪ್ಪು ನಿಂತುಕೊಂಡು ನೋಡಿದ್ದು. ಮೇಲಿನಿಂದ ಅಣಬೆಗಳು ಬರೀ ಬಿಲ್ಲೆಗಳಾಗಿ ಕಂಡವು. ಪ್ಲಾಸ್ಟಿಕ್ ಹಾಸಿ, ಒದ್ದೆ ತರಗೆಲೆಗಳ ಮೇಲೆ ಬೋರಲು ಮಲಗಿದಾಗಲೇ ಅಣಬೆಯ ಕಾಲು, ಕೊಡೆಯ ಕೆಳಗಿನ ಪದರಗಳು, ಹಿಂದಿನ ಕತ್ತಲು ಎಲ್ಲವೂ ಸಿಕ್ಕವು.

ಆ ಕತ್ತಲಿಗೆ ಟ್ಯೂಬಿನ ಕಪ್ಪು ಬಣ್ಣವನ್ನು ನಾನು ಮುಟ್ಟಲಿಲ್ಲ. ಕಂದು ತಳದ ಮೇಲೆ ಗಾಢ ಕಂದು ಮತ್ತು ನೀಲಿಯನ್ನು ತೆಳುವಾಗಿ ಬಳಿದು, ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಹಾಕುತ್ತಾ ಹೋದೆ. ಪಾಚಿಯನ್ನು ಸಣ್ಣ ಕುಂಚದಲ್ಲಿ ಎಳೆ ಎಳೆಯಾಗಿ ಎರಡು ದಿನ ಬರೆದೆ. ಅದು ಹುಲ್ಲುಚಾಪೆಯಂತೆ ಕಂಡಿತು. ಒರೆಸಿ ಹಾಕಿ, ಸ್ಪಂಜಿನ ಚೂರಿನಿಂದ ದಪ್ಪ ಹಸಿರನ್ನು ಒತ್ತಿದೆ. ಮಾರ್ಸೆಯಸ್ ಕೂಡ ಪಾಚಿಯನ್ನು ಹೀಗೆ ಒತ್ತಿಯೇ ಮೂಡಿಸುತ್ತಿದ್ದ.

ನನ್ನನ್ನು ಹೆಚ್ಚು ಕಾಡಿದ್ದು ಚಿಟ್ಟೆ. ಅವನು ನಿಜವಾದ ರೆಕ್ಕೆಗಳನ್ನೇ ಹಸಿ ಬಣ್ಣಕ್ಕೆ ಒತ್ತುತ್ತಿದ್ದ. ಕಿಟಕಿಯ ಬಳಿ ಸತ್ತು ಬಿದ್ದಿದ್ದ ಎಲೆಕೋಸಿನ ಬಿಳಿಚಿಟ್ಟೆಗಳನ್ನು ನಾನು ಬೇಸಿಗೆಯಿಂದಲೇ ಡಬ್ಬಿಯಲ್ಲಿ ಎತ್ತಿಟ್ಟಿದ್ದೆ. ಬೇರೆ ಬಟ್ಟೆಯ ಮೇಲೆ ಮೊದಲು ಪ್ರಯತ್ನಿಸಿದೆ. ಬಣ್ಣ ತೀರ ಹಸಿಯಿದ್ದರೆ ರೆಕ್ಕೆಯ ಪುಡಿ ಮುಳುಗಿಹೋಗುತ್ತದೆ, ಒಣಗಿದ್ದರೆ ಹಿಡಿಯುವುದಿಲ್ಲ. ಬೆರಳಿಗೆ ಅಂಟಂಟಾದ ಹೊತ್ತಿಗೆ ಒತ್ತಿ, ಪೊರೆಯನ್ನು ಚಿಮಟದಿಂದ ಮೆಲ್ಲಗೆ ಎತ್ತಬೇಕು. ಆಗ ಪುಡಿ ಬಣ್ಣದ ಮೇಲೆ ಉಳಿಯುತ್ತದೆ, ಆದರೆ ತಲೆಕೆಳಗಾಗಿ: ನಮಗೆ ಕಾಣುವುದು ಅದರ ಬೆನ್ನು. ನಾಲ್ಕು ರೆಕ್ಕೆಗಳು ಹಾಳಾದವು. ಐದನೆಯದು ತುದಿಯ ಕಪ್ಪಿನ ಸಮೇತ ಮೂಡಿದಾಗ ಉಸಿರು ಬಿಗಿಹಿಡಿದು ನಿಂತಿದ್ದೆ. ಯಾವ ಕುಂಚಕ್ಕೂ ಆ ಮೃದುತನ ಬಾರದು. ದೇಹವನ್ನೂ ಮೀಸೆಗಳನ್ನೂ ಮಾತ್ರ ಕುಂಚದಲ್ಲಿ ಬರೆದೆ.

ಎಡಮೂಲೆಯಲ್ಲಿ ನೆಲಗಪ್ಪೆಯ ಜಾಗ ಇನ್ನೂ ಖಾಲಿಯಿದೆ. ಫೋಟೊ ನೋಡಿ ಬರೆಯಲು ಮನಸ್ಸಿಲ್ಲ. ಚಳಿಗಾಲ ಕಳೆದು ಅವು ಮಣ್ಣಿನಿಂದ ಮೇಲೆ ಬರಲಿ, ಮತ್ತೆ ಪ್ಲಾಸ್ಟಿಕ್ ಹಾಸಿಕೊಂಡು ಮಲಗುತ್ತೇನೆ.