ವ್ಯಾನಿನ ಗೋಡೆಗೆ ಏನು ಹಾಕಿಸಿದೆ, ಏನು ಕಿತ್ತು ಹಾಕಿದೆ

ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ತಂದು, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವಂಥ ಕ್ಯಾಂಪರ್ ಮಾಡಿಕೊಂಡೆವು. ಹಾಸಿಗೆ, ಬ್ಯಾಟರಿ, ನೀರಿನ ಟ್ಯಾಂಕಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಗೋಡೆಗೆ ಮಾತ್ರ ಅರ್ಧ ದಿನವೂ ಯೋಚಿಸಲಿಲ್ಲ. ಎರಡು ಸಲ ಕಿತ್ತಿದ್ದು ಅದನ್ನೇ.

ಮೊದಲು ಹಾಕಿಸಿದ್ದು ಪಿವಿಸಿ ಪ್ಯಾನೆಲ್. ಹಗುರ, ಒರೆಸಿದರೆ ಸಾಕು, ನೀರಿನ ಭಯ ಇಲ್ಲ. ಏಪ್ರಿಲ್‌ನಲ್ಲಿ ಹಂಪಿಗೆ ಹೋದೆವು. ದಿನವಿಡೀ ಬಿಸಿಲಲ್ಲಿ ನಿಂತಿದ್ದ ವ್ಯಾನಿನ ಬಾಗಿಲು ಸಂಜೆ ತೆಗೆದರೆ, ಪಟ್ಟಿಗಳು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿದ್ದವು. ತಪ್ಪು ನನ್ನದೇ. 30 ಡಿಗ್ರಿ ಬಿಸಿ ಏರಿದರೆ 8 ಅಡಿಯ ಪಿವಿಸಿ ಪಟ್ಟಿ 4–5 ಮಿಲಿಮೀಟರ್ ಹಿಗ್ಗುತ್ತದೆ. ನಾನು ತುದಿಗಳಲ್ಲಿ ಜಾಗವನ್ನೇ ಬಿಡದೆ ಬಿಗಿಯಾಗಿ ಸ್ಕ್ರೂ ಹೊಡೆಸಿದ್ದೆ.

ಆಮೇಲೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಮೇಲೆ ಲ್ಯಾಮಿನೇಟ್. ನೋಡಲು ಬಲು ಚೆಂದ. ಮಳೆಗಾಲದಲ್ಲಿ ಆಗುಂಬೆ ಕಡೆ ಮೂರು ರಾತ್ರಿ ಉಳಿದೆವು. ಕಿಟಕಿ ಮುಚ್ಚಿಯೇ ಇತ್ತು, ಒಳಗೇ ಅನ್ನ, ಸಾರು, ಕಾಫಿ. ಊರಿಗೆ ಬಂದು ನೋಡಿದರೆ ಗೋಡೆಯ ಕೆಳ ಅಂಚು ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತಾಗಿತ್ತು. ಮಳೆ ನೀರು ಸೋರಿದೆ ಅಂತ ಸುಮ್ನೆ ಕಿಟಕಿಯ ರಬ್ಬರ್ ಬದಲಿಸಿದೆ. ಆಮೇಲೆ ಒಂದು ಹಲಗೆ ಬಿಚ್ಚಿ ಹಿಂದೆ ಕೈ ಹಾಕಿದೆ. ತಗಡು ಬೆವೆತಿತ್ತು. ಬೆರಳಿಗೆ ಕಪ್ಪು ಬೂಸ್ಟು ಮೆತ್ತಿಕೊಂಡಿತು. ನೀರು ಹೊರಗಿನಿಂದ ಬಂದಿರಲಿಲ್ಲ. ನಮ್ಮ ಉಸಿರು, ಅಡುಗೆಯ ಹಬೆ, ಗ್ಯಾಸ್ ಉರಿದಾಗ ಹುಟ್ಟುವ ಆವಿ, ಎಲ್ಲ ಹಲಗೆಯ ಸಂದಿಯಲ್ಲಿ ನುಗ್ಗಿ ತಣ್ಣನೆಯ ತಗಡಿಗೆ ತಾಗಿ ನೀರಾಗಿತ್ತು.

ಮೂರನೇ ಸಲ ಹಿಂದಿನಿಂದ ಶುರು ಮಾಡಿದೆ. ತಗಡಿಗೆ 19 ಮಿಲಿಮೀಟರ್ ನೈಟ್ರೈಲ್ ರಬ್ಬರ್ ಫೋಮನ್ನು ನಡುವೆ ಗಾಳಿ ನಿಲ್ಲದ ಹಾಗೆ ಒತ್ತಿ ಅಂಟಿಸಿದೆ. ಅದು ನೀರು ಹೀರುವುದಿಲ್ಲ, ಆವಿಯನ್ನೂ ತಗಡಿನ ತನಕ ಸುಲಭಕ್ಕೆ ಬಿಡುವುದಿಲ್ಲ. ಅದರ ಮೇಲೆ 4 ಮಿಲಿಮೀಟರ್ ಮರೀನ್ ಪ್ಲೈ. ಹಾಳೆಯ ಮೇಲೆ ಐಎಸ್ 710 (ಮರೀನ್ ಪ್ಲೈಗೆ ಇರುವ ಭಾರತೀಯ ಮಾನಕ) ಅಂತ ಮುದ್ರೆ ಇದೆಯಾ ನೋಡಿಯೇ ತಂದೆ. ಅಂಗಡಿಯವರು ಬಾಯಲ್ಲಿ ಎಲ್ಲವನ್ನೂ ವಾಟರ್‌ಪ್ರೂಫ್ ಅನ್ನುತ್ತಾರೆ ಅಲ್ವಾ!

ನಾನು 12 ಮಿಲಿಮೀಟರ್ ಬೇಕು ಅಂದಿದ್ದೆ. ಆಚಾರ್ರು ಒಪ್ಪಲಿಲ್ಲ. "ಮನೆ ಗೋಡೆ ನಿಂತಲ್ಲೇ ನಿಲ್ಲತ್ತೆ ಸಾರ್, ಇದು ಓಡಾಡತ್ತೆ. ಅಷ್ಟು ಭಾರ ಯಾಕೆ ಹೊರಿಸ್ತೀರಾ?" ಲೆಕ್ಕ ಹಾಕಿದೆ. 8x4 ಅಡಿಯ ಒಂದು ಹಾಳೆ 4 ಮಿಲಿಮೀಟರಿನದಾದರೆ ಸುಮಾರು 8 ಕೆಜಿ, 12ರದಾದರೆ 22ಕ್ಕೂ ಜಾಸ್ತಿ. ಅಲ್ಲದೆ ಗೋಡೆ ಮೇಲೆ ಹೋದಂತೆ ಒಳಕ್ಕೆ ಬಾಗಿದೆ. ಮೇಲಿನ ಪದರದ ಎಳೆ ವ್ಯಾನಿನ ಉದ್ದಕ್ಕೆ ಬರುವ ಹಾಗೆ ಹಿಡಿದರೆ ತೆಳು ಪ್ಲೈ ತಾನಾಗಿ ಬಾಗುತ್ತದೆ. ಅಡ್ಡ ಹಿಡಿದರೆ ಹಟ ಮಾಡುತ್ತದೆ.

ಕತ್ತರಿಸಿದ ಅಂಚುಗಳಿಗೆ, ಸ್ಕ್ರೂ ತೂತಿನ ಒಳಗೂ ಪಿಯು (ಪಾಲಿಯುರೆಥೇನ್) ವಾರ್ನಿಷ್ ಬಳಿದೆ. ಬೇಸರದ ಕೆಲಸ, ಆದರೆ ಪ್ಲೈ ನೀರು ಕುಡಿಯುವುದು ಅಲ್ಲಿಂದಲೇ. ಎರಡು ಕಡೆಗೂ ಬಾಗಿದ ಮೂಲೆಗಳಿಗೆ ಯಾವ ಹಲಗೆಯೂ ಕೂರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಗ್ಗುವ ರೆಕ್ಸಿನ್ ತಂದು ಎಳೆದು ಅಂಟಿಸಿದೆ. ಹತ್ತಿರ ಹೋಗಿ ನೋಡಿದರೆ ಒಂದೆರಡು ಕಡೆ ಸುಕ್ಕಿದೆ.

ಒಲೆಯ ಹಿಂದೆ ಮಾತ್ರ ಸ್ಟೀಲ್ ಹಾಳೆ. ಮೇಲೆ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂಡ ಹಾಕಿಸಿದೆ. ಹಿಂಬದಿಯ ಒಂದು ಹಲಗೆಯನ್ನು ನಾಲ್ಕೇ ಸ್ಕ್ರೂಗಳಲ್ಲಿ ನಿಲ್ಲಿಸಿದ್ದೇನೆ, ಬೇಕೆಂದಾಗ ಬಿಚ್ಚಲು. ಕಳೆದ ಮಳೆಗಾಲದ ಕೊನೆಗೆ ಬಿಚ್ಚಿ ಕೈ ಹಾಕಿದೆ. ಬೆರಳಿಗೆ ಹತ್ತಿದ್ದು ಬರೀ ಧೂಳು.