ಸಮೋವಾಗೆ ಸೇವೆಗೆ ಹೊರಟ ಹಿರಿಯರಿಗೆ: ಮಂಡಿ ನೋವಿದ್ದರೆ ಇದು ಗೊತ್ತಿರಲಿ

ಪೆಸಿಫಿಕ್ ಸಾಗರದ ದ್ವೀಪ ದೇಶ ಸಮೋವಾದಲ್ಲಿ ಮಿಷನರಿ ಸೇವೆ ಶುರು ಮಾಡುವ ಹಿರಿಯ ದಂಪತಿಗಳಿಗೆ ಬಿಸಿಲಿಗಿಂತ ಜಾಸ್ತಿ ಕಷ್ಟ ಆಗುವುದು ನೆಲದ ಮೇಲೆ ಕೂರುವುದು. ಗೋಡೆಯಿಲ್ಲದ ‘ಫಾಲೆ’ ಮನೆಗಳಲ್ಲಿ ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿಯೇ ಕೂರಬೇಕು. ಯಾರ ಕಡೆಗೂ ಕಾಲು ಚಾಚಬಾರದು. ಹಾಗಂತ ಮಂಡಿ ನೋವಿದ್ದವರು ಸುಮ್ನೆ ಒದ್ದಾಡಬೇಡಿ. ಕಾಲು ಚಾಚಿ, ಮೇಲೊಂದು ಚಾಪೆಯನ್ನೋ ಲಾವಾಲಾವಾವನ್ನೋ ಹೊದ್ದುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ. ಲಾವಾಲಾವಾ ನಮ್ಮ ಪಂಚೆ ಥರದ ಬಟ್ಟೆ. ಇಬ್ಬರೂ ಒಂದೊಂದು ಬ್ಯಾಗಲ್ಲೇ ಇಟ್ಟುಕೊಂಡಿರಿ.

ಹಳ್ಳಿಗಳಲ್ಲಿ ಸಂಜೆ ಶಂಖವೋ ಗಂಟೆಯೋ ಕೇಳಿಸಿದರೆ ಅದು ‘ಸಾ’, ಮನೆಮನೆಯಲ್ಲೂ ಪ್ರಾರ್ಥನೆಗೆ ಕೂರುವ ಹೊತ್ತು. ಆಗ ಊರೊಳಗೆ ಓಡಾಡಬೇಡಿ, ಮುಗಿಯುವ ತನಕ ಕಾಯಿರಿ.

ನವೆಂಬರ್‌ನಿಂದ ಏಪ್ರಿಲ್ ತನಕ ಚಂಡಮಾರುತದ ಕಾಲ. ಬಿಪಿ, ಶುಗರ್ ಮಾತ್ರೆ ಸ್ವಲ್ಪ ಜಾಸ್ತಿಯೇ ಇರಲಿ, ಡಾಕ್ಟರ್ ಚೀಟಿ ಸಮೇತ.