ಮಳೆಗಾಲದಲ್ಲಿ ಎಂ.ಎ. ಪಾಠ

ಮಲೆನಾಡಿನಲ್ಲಿ ಆನ್‌ಲೈನ್ ಪಾಠ ಅಂದರೆ ಮಳೆ ಹಿಡಿಯುವ ಮುಂಚೆ ಒಂದು ಕಥೆ, ಹಿಡಿದ ಮೇಲೆ ಇನ್ನೊಂದು. 2020ರಲ್ಲಿ ನಾನು ಎರಡನ್ನೂ ನೋಡಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎ. ಅರ್ಥಶಾಸ್ತ್ರದ ಮಕ್ಕಳಿಗೆ ಪಾಠ ಹೇಳುವವಳು ನಾನು. ನಮ್ಮ ಮಕ್ಕಳು ಹೆಚ್ಚಿನವರು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಯವರು.

ಮಾರ್ಚ್ 14ರಿಂದ ಒಂದು ವಾರ ರಜೆ ಎಂದು ಸರ್ಕಾರ ಹೇಳಿತು. ಒಂದು ವಾರ ತಾನೇ ಎಂದು ಹಾಸ್ಟೆಲ್ ಮಕ್ಕಳು ಎರಡು ಜೊತೆ ಬಟ್ಟೆ ತುಂಬಿಕೊಂಡು ಹೊರಟರು. ನೋಟ್ಸು, ಪುಸ್ತಕ ಎಲ್ಲ ರೂಮಿನಲ್ಲೇ ಉಳಿಯಿತು. 25ರಿಂದ ಇಡೀ ದೇಶಕ್ಕೇ ಬೀಗ ಬಿತ್ತು.

ಆಗ ಶಿವಮೊಗ್ಗ ಹಸಿರು ವಲಯ. ಮೇ ಮೊದಲ ವಾರ ಕಳೆದರೂ ಜಿಲ್ಲೆಯಲ್ಲಿ ಒಂದೂ ಕೇಸ್ ಇರಲಿಲ್ಲ. ಕಾಡಂಚಿನ ಮನೆಗಳಲ್ಲಿ ಕೊರೊನಾಕ್ಕಿಂತ ಮಂಗನ ಕಾಯಿಲೆಯ ಹೆದರಿಕೆಯೇ ಜಾಸ್ತಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು, ಉಣ್ಣಿಯಿಂದ ಬರುತ್ತದೆ. ಅದರ ಕಾಲವೂ ಬೇಸಿಗೆಯೇ. "ಜ್ವರ ಬಂದ್ರೆ ಯಾವುದು ಅಂತ ಹೆಂಗೆ ತಿಳ್ಕೊಳ್ಳೋದು ಮೇಡಂ?" ಎಂದು ಸಾಗರದ ಕಡೆಯ ಹುಡುಗಿಯೊಬ್ಬಳು ಪಾಠದ ಮಧ್ಯೆಯೇ ಕೇಳಿದ್ದಳು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ನೋಡಿಸು ಎಂದು ಹೇಳುವುದು ಬಿಟ್ಟು ಅರ್ಥಶಾಸ್ತ್ರದ ಮೇಷ್ಟ್ರು ಇನ್ನೇನು ಹೇಳಬೇಕು?

ಏಪ್ರಿಲ್, ಮೇನಲ್ಲಿ ವಿಡಿಯೋ ಪಾಠ ಹೇಗೋ ನಡೆಯಿತು. ಪೇಟೆಯ ಮಕ್ಕಳಿಗೆ ತೊಂದರೆ ಇರಲಿಲ್ಲ. ಹಳ್ಳಿಯವರು ನೆಟ್‌ವರ್ಕಿಗಾಗಿ ಮನೆ ಹಿಂದಿನ ಗುಡ್ಡ ಹತ್ತಿ ಕೂರುತ್ತಿದ್ದರು. ಜೂನ್ ಬಂತು, ಗುಡ್ಡ ಹತ್ತುವ ಮಾತೇ ಇಲ್ಲ. ಇಂಬಳ (ಜಿಗಣೆ) ಬೇರೆ. ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. ಕರೆಂಟಿಲ್ಲದಿದ್ದರೆ ಟವರಿನ ಬ್ಯಾಟರಿ ಖಾಲಿ, ಡೀಸೆಲ್ ಹಾಕುವವರಿಲ್ಲ. ಇತ್ತ ಮಕ್ಕಳ ಮೊಬೈಲೂ ಸತ್ತಿರುತ್ತದೆ. ಆಗುಂಬೆ, ಹುಲಿಕಲ್ಲಿನ ಸುತ್ತ ವಾಸ ಮಾಡುವವರಿಗೆ ಇದೆಲ್ಲ ಹೊಸದೇನಲ್ಲ. ಪಾಠವನ್ನೂ ಇದಕ್ಕೆ ಹೊಂದಿಸಿಕೊಳ್ಳಬೇಕಾಗಿ ಬಂದದ್ದು ಮಾತ್ರ ಹೊಸದು.

ಹಾಗಾಗಿ ವಿಡಿಯೋ ಕೈಬಿಟ್ಟೆ. ದನಿಯನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸತೊಡಗಿದೆ. ಹತ್ತು ನಿಮಿಷದ ಮಾತು ಒಂದೆರಡು ಎಂಬಿಯೊಳಗೆ ಮುಗಿಯುತ್ತದೆ. ನಡುರಾತ್ರಿ ಒಂದು ಗಳಿಗೆ ನೆಟ್‌ವರ್ಕ್ ಬಂದು ಹೋದರೂ ಸಾಕು, ಇಳಿದುಬಿಡುತ್ತದೆ. ಒಂದು ತುಣುಕಿನಲ್ಲಿ ಒಂದೇ ವಿಷಯ. ಪ್ರತಿ ಸಲ ಶುರುವಿನಲ್ಲೇ "ಇದು ಮೂರನೇ ಘಟಕ, ಎರಡನೇ ಭಾಗ" ಎಂದು ಹೇಳಿಬಿಡುತ್ತಿದ್ದೆ. ಏಕೆಂದರೆ ಅವರು ಮೊದಲನೆಯದನ್ನು ಬಿಟ್ಟು ನಾಲ್ಕನೆಯದನ್ನು ಕೇಳುತ್ತಿರುತ್ತಾರೆ. ನಮ್ಮ ಮನೆಯ ಮಹಡಿಗೆ ತಗಡಿನ ಶೀಟು, ಮಳೆ ಬಂದರೆ ನನ್ನ ಮಾತು ನನಗೇ ಕೇಳುವುದಿಲ್ಲ. ಕೆಳಗಿನ ಉಗ್ರಾಣದಲ್ಲಿ ಅಕ್ಕಿ ಚೀಲಗಳ ನಡುವೆ ಕೂತು ಮಾತಾಡಿದರೆ ದನಿ ಚೆನ್ನಾಗಿ ಬರುತ್ತಿತ್ತು.

ಕಷ್ಟ ಆದದ್ದು ರೇಖಾಚಿತ್ರ. ಬೋರ್ಡ್ ಇಲ್ಲದೆ ಬೇಡಿಕೆ ರೇಖೆ ಹೇಗೆ ತೋರಿಸುವುದು? ಕೊನೆಗೆ ಉಕ್ತಲೇಖನದ ದಾರಿ ಹಿಡಿದೆ. "ಪೆನ್ಸಿಲ್ ತಗೊಳ್ಳಿ. ನಿಂತಿರೋ ಗೆರೆ ಬೆಲೆ, ಮಲಗಿರೋ ಗೆರೆ ಪ್ರಮಾಣ. ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಎಳೀರಿ. ಈಗ ನಿಲ್ಲಿಸಿ, ಬರೆದಾದ ಮೇಲೆ ಮುಂದಕ್ಕೆ ಕೇಳಿ." ಅವರು ಬರೆದದ್ದರ ಫೋಟೋ ನೆಟ್‌ವರ್ಕ್ ಸಿಕ್ಕಾಗ ಬರುತ್ತಿತ್ತು. ನಿಜ ಹೇಳಬೇಕೆಂದರೆ, ಬೋರ್ಡ್ ನೋಡಿ ನಕಲು ಮಾಡಿಕೊಳ್ಳುತ್ತಿದ್ದವರೇ ಹೀಗೆ ಕೇಳಿ ಬರೆದಾಗ ಹೆಚ್ಚು ಸರಿಯಾಗಿ ಬರೆದರು.

ಉದಾಹರಣೆಗೆ ಪುಸ್ತಕ ಹುಡುಕಬೇಕಾಗಲಿಲ್ಲ. ಆ ಬೇಸಿಗೆ ಸೊರಬ, ಬನವಾಸಿ ಕಡೆ ಅನಾನಸ್ ಕೇಳುವವರಿಲ್ಲದೆ ಹೊಲದಲ್ಲೇ ಕೊಳೆಯಿತು. ಬೇಡಿಕೆ ಕುಸಿದರೆ ಏನಾಗುತ್ತದೆ ಎಂದು ನಾನು ಕೇಳಿದರೆ, ಅವರು ತಮ್ಮ ಹೊಲದ ಲೆಕ್ಕವನ್ನೇ ಕೊಟ್ಟರು. ಕೆಲವು ಹುಡುಗರು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಿದ್ದರು. ಆ ವರ್ಷ ದಿನಗೂಲಿ 249ರಿಂದ 275 ರೂಪಾಯಿ ಆಗಿತ್ತು. ಅಡಿಕೆ ತೋಟದಲ್ಲಿ ಔಷಧಿ ಹೊಡೆಯುವ ಕೂಲಿ ಅದಕ್ಕಿಂತ ಎಷ್ಟು ಹೆಚ್ಚು, ಏಕೆ ಹೆಚ್ಚು? ಕೂಲಿಯ ಅಧ್ಯಾಯ ಇದರ ಸುತ್ತಲೇ ಮುಗಿಯಿತು. ನಾನು ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದೇ ಜಾಸ್ತಿ ಇರಬೇಕು, ಔಷಧಿ ಹೊಡೆಯುವವರಿಗೆ ಮರ ಹತ್ತುವ ಅಪಾಯಕ್ಕೂ ಸೇರಿಸಿ ಕೊಡುತ್ತಾರೆ ಅನ್ನುವುದನ್ನೂ ಸೇರಿಸಿ.

ಸ್ಮಾರ್ಟ್‌ಫೋನೇ ಇಲ್ಲದವರೂ ಇದ್ದರು. ಇದ್ದ ಒಂದೇ ಫೋನು ಮೊದಲು ಅಣ್ಣನಿಗೋ ತಮ್ಮನಿಗೋ ಹೋಗಿ, ಆಮೇಲೆ ಸಿಕ್ಕುವ ಹುಡುಗಿಯರೂ ಇದ್ದರು. ಅವರಿಗೆ ಅಂಚೆಯೇ ಗತಿ. ಅಂಚೆ ಕಚೇರಿ ಲಾಕ್‌ಡೌನಿನಲ್ಲೂ ಮುಚ್ಚಿರಲಿಲ್ಲ. ವ್ಯಾಪಾರವಿಲ್ಲದೆ ಕೂತಿದ್ದ ಜೆರಾಕ್ಸ್ ಅಂಗಡಿಯವರು ಅರ್ಧ ದುಡ್ಡಿಗೆ ನೋಟ್ಸಿನ ಪ್ರತಿ ತೆಗೆದುಕೊಟ್ಟರು. ಅಡಿಕೆ ತೋಟದ ಎಷ್ಟೋ ಮನೆಗಳಲ್ಲಿ ಲ್ಯಾಂಡ್‌ಲೈನ್ ಇನ್ನೂ ಇದೆ ಎಂಬುದು ಆಗ ನೆನಪಿಗೆ ಬಂತು. ಭಾನುವಾರ ಅದಕ್ಕೆ ಫೋನ್ ಮಾಡಿದರೆ ಎತ್ತುವುದು ಅಮ್ಮ. "ಮೇಡಮ್ಮೋರೆ, ಅವಳು ಕೊಟ್ಟಿಗೇಲಿದಾಳೆ, ಕರೀತೀನಿ ತಡೀರಿ. ಪರೀಕ್ಷೆ ಆಗುತ್ತೋ ಇಲ್ವೋ ಮೊದಲು ಅದನ್ನ ಹೇಳಿ."

ಅದಕ್ಕೆ ನನ್ನ ಹತ್ತಿರ ಬಹಳ ದಿನ ಉತ್ತರವಿರಲಿಲ್ಲ. ಕೊನೆಯ ಸೆಮಿಸ್ಟರಿನವರಿಗೆ ಪರೀಕ್ಷೆ ಬೇಕೇ ಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಜುಲೈನಲ್ಲಿ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆಗಸ್ಟ್ 28ರ ತೀರ್ಪು ಬಂದ ಮೇಲಷ್ಟೇ ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು. ಅಷ್ಟರಲ್ಲಿ ಓದುವ ಹುರುಪು ಅರ್ಧ ಇಳಿದಿತ್ತು. ಪಠ್ಯ ಮುಗಿಸುವುದಕ್ಕಿಂತ, ಆಗೇ ಆಗುತ್ತದೆ ಎಂದುಕೊಂಡು ಓದಿ ಎಂದು ಹೇಳುತ್ತಿರುವುದೇ ದೊಡ್ಡ ಕೆಲಸವಾಗಿತ್ತು.

ನವೆಂಬರ್ 17ಕ್ಕೆ ಕಾಲೇಜುಗಳು ತೆರೆದಾಗ ಕೋವಿಡ್ ಪರೀಕ್ಷೆ, ಪೋಷಕರ ಒಪ್ಪಿಗೆ ಪತ್ರ ಎಲ್ಲ ಬೇಕಿತ್ತು. ಬಂದವರು ಸ್ವಲ್ಪವೇ. ಬಾರದವರಿಗೆ ದನಿಯ ಪಾಠ ಮುಂದುವರಿಸಿದೆ.

2021ರ ಏಪ್ರಿಲ್‌ನಲ್ಲಿ ವಾರಾಂತ್ಯದ ಕರ್ಫ್ಯೂ ಬಂದಾಗಲೇ ಮುಂದಿನದು ಏನೆಂದು ಗೊತ್ತಾಯಿತು. 27ರ ರಾತ್ರಿಯಿಂದ ರಾಜ್ಯಕ್ಕೆ ಮತ್ತೆ ಬೀಗ. ಈ ಸಲ ಹಾಸ್ಟೆಲ್ ಖಾಲಿಯಾಗುವ ಮುಂಚೆಯೇ ನೋಟ್ಸಿನ ಜೆರಾಕ್ಸ್ ಪ್ರತಿಯೊಬ್ಬರ ಚೀಲಕ್ಕೂ ಹಾಕಿಸಿದೆ, ಮನೆಯ ಪೂರ್ತಿ ವಿಳಾಸ, ಪಿನ್‌ಕೋಡ್, ಲ್ಯಾಂಡ್‌ಲೈನ್ ಇದ್ದರೆ ಅದನ್ನೂ ಬರೆಸಿಕೊಂಡೆ. ನನ್ನ ಸ್ವಂತದ ಪುಸ್ತಕಗಳನ್ನೂ ಹಂಚಿದೆ. ಕೆಲವು ಇನ್ನೂ ವಾಪಸ್ ಬಂದಿಲ್ಲ, ಕೇಳುವುದನ್ನು ನಾನೂ ಬಿಟ್ಟಿದ್ದೇನೆ.